ಆಸ್ಪತ್ರೆಗಿಂತ ಮೊದಲು ಮಂಜುಗಡ್ಡೆ

2024ರ ಆಗಸ್ಟ್ 22ರಂದು ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೆಬಲ್ ಹುದ್ದೆಗಳ ನೇಮಕಾತಿಗೆ ದೈಹಿಕ ಪರೀಕ್ಷೆ ಆರಂಭವಾಯಿತು. ಪುರುಷ ಅಭ್ಯರ್ಥಿಗಳು ಒಂದು ಗಂಟೆಯೊಳಗೆ 10 ಕಿಲೋಮೀಟರ್ ಓಡಿ ಮುಗಿಸಬೇಕಿತ್ತು. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಹನ್ನೆರಡು ಮಂದಿ ತರುಣರು ಸತ್ತರೆಂದು ವರದಿಯಾಯಿತು. ಎಲ್ಲ ಸಾವುಗಳಿಗೂ ಕಾರಣ ಒಂದೇ ಎಂದು ಹೇಳಲಾಗದು. ಆ ಬಗ್ಗೆ ರಾಜಕೀಯ ಪಕ್ಷಗಳ ನಡುವೆ ಸಾಕಷ್ಟು ಕೆಸರೆರಚಾಟವೂ ನಡೆಯಿತು. ಮುಖ್ಯಮಂತ್ರಿಗಳು ಪರೀಕ್ಷೆಯನ್ನು ಮೂರು ದಿನ ನಿಲ್ಲಿಸಿ, ಬೆಳಿಗ್ಗೆ 9 ಗಂಟೆಯ ನಂತರ ಯಾರನ್ನೂ ಓಡಿಸಬಾರದೆಂದು ಆದೇಶಿಸಿದರು. ಅದೇ ವರ್ಷ ಜೂನ್ 1ರಂದು, ಲೋಕಸಭಾ ಚುನಾವಣೆಯ ಕೊನೆಯ ಹಂತದ ಮತದಾನದ ದಿನ, ಉತ್ತರ ಪ್ರದೇಶದಲ್ಲಿ 33 ಮಂದಿ ಚುನಾವಣಾ ಸಿಬ್ಬಂದಿ ಬಿಸಿಲಿನ ಝಳಕ್ಕೆ ಬಲಿಯಾದರೆಂದು ಆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳೇ ತಿಳಿಸಿದ್ದರು.

ಇಂಥ ಸಾವುಗಳ ಬಳಿಕ ನಮ್ಮಲ್ಲಿ ನಡೆಯುವ ಚರ್ಚೆಯ ಜಾಡು ಬಹುಮಟ್ಟಿಗೆ ಗೊತ್ತಿರುವಂಥದೇ. ವೇಳೆ ಬದಲಾಯಿಸಬೇಕಿತ್ತು, ನೀರು ಒದಗಿಸಬೇಕಿತ್ತು, ಶಾಮಿಯಾನ ಹಾಕಿಸಬೇಕಿತ್ತು, ಪರಿಹಾರ ಎಷ್ಟು, ಹೊಣೆ ಯಾರದು. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಕುಸಿದುಬಿದ್ದ ಕ್ಷಣದಿಂದ ಆಸ್ಪತ್ರೆಯ ಬಾಗಿಲು ತಲುಪುವವರೆಗೆ ಆ ದೇಹಕ್ಕೆ ಏನು ಚಿಕಿತ್ಸೆ ದೊರೆಯಿತು ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ಶ್ರಮದಿಂದ ಉಂಟಾಗುವ ಶಾಖಾಘಾತದಲ್ಲಿ ಬದುಕು ಸಾವುಗಳ ತೀರ್ಮಾನವಾಗುವುದು ಬಹುಪಾಲು ಆ ಅವಧಿಯಲ್ಲಿಯೇ.

ಪತ್ರಿಕೆಗಳಲ್ಲಿ ಇದಕ್ಕೆ ‘ಬಿಸಿಲಾಘಾತ’ ಎಂಬ ಪದ ಬಳಕೆಯಲ್ಲಿದೆ. ಕಿವಿಗೆ ಹಿತವಾದ ಪದವಾದರೂ ಅದು ನಮ್ಮನ್ನು ದಾರಿ ತಪ್ಪಿಸುತ್ತದೆ. ವೃದ್ಧರು, ರೋಗಿಗಳು, ಗಾಳಿಯಾಡದ ಮನೆಗಳಲ್ಲಿರುವವರು ದಿನಗಟ್ಟಲೆ ಸೆಕೆಯಲ್ಲಿ ಬೆಂದು ಅಸ್ವಸ್ಥರಾಗುವುದು ಒಂದು ಬಗೆ. ಗಟ್ಟಿಮುಟ್ಟಾದ ತರುಣರು ಓಡುತ್ತ, ಭಾರ ಹೊರುತ್ತ, ಕವಾಯತು ಮಾಡುತ್ತ ಇದ್ದಕ್ಕಿದ್ದಂತೆ ಕುಸಿಯುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಬಿಸಿಲು ಇರಲೇಬೇಕೆಂದಿಲ್ಲ. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಚಲನೆಗೆ ಒದಗುತ್ತದೆ, ಉಳಿದದ್ದೆಲ್ಲ ಶಾಖ. ಆ ಶಾಖ ಹೊರಹೋಗದಿದ್ದರೆ, ವೇಗವಾಗಿ ಓಡುವವನ ದೇಹದ ಒಳಗಿನ ಉಷ್ಣತೆ ಐದು ನಿಮಿಷದ ಆಸುಪಾಸಿನಲ್ಲಿ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬಲ್ಲದು. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದು ಬೆವರು ಆರದಿದ್ದರೆ, ಹಿಂದಿನ ದಿನ ಜ್ವರವಿದ್ದರೆ, ನಿದ್ದೆಗೆಟ್ಟಿದ್ದರೆ, ಅಭ್ಯಾಸವಿಲ್ಲದ ಓಟವಾಗಿದ್ದರೆ ಅಪಾಯ ಮತ್ತಷ್ಟು ಹತ್ತಿರ. ರಾತ್ರಿ ಬಸ್ಸಿನಲ್ಲಿ ನಿಂತುಕೊಂಡೇ ಪ್ರಯಾಣ ಮಾಡಿ, ಬೆಳಗಿನ ಜಾವ ಮೈದಾನದ ಗೇಟಿನ ಮುಂದೆ ಸಾಲುಗಟ್ಟುವ ನೌಕರಿಯ ಆಕಾಂಕ್ಷಿಗಳಿಗೆ ಇವುಗಳಲ್ಲಿ ಎಷ್ಟು ಅಂಶಗಳು ಅನ್ವಯಿಸುತ್ತವೆ ಎಂಬುದನ್ನು ಓದುಗರೇ ಎಣಿಸಬಹುದು. ಅವರ ಪೈಕಿ ಹಲವರಿಗೆ ಅದು ವಯೋಮಿತಿಯ ಕೊನೆಯ ಅವಕಾಶವಾಗಿರುತ್ತದೆ. ಹಾಗಾಗಿ ದೇಹ ‘ನಿಲ್ಲು’ ಎಂದರೂ ಅವರು ನಿಲ್ಲುವುದಿಲ್ಲ.

ದೇಹದ ಒಳ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ, ಜೊತೆಗೆ ಮಿದುಳಿನ ಕಾರ್ಯ ಏರುಪೇರಾದರೆ ಅದು ಶಾಖಾಘಾತ. ವ್ಯಕ್ತಿ ತೊದಲಬಹುದು, ತೂರಾಡಬಹುದು, ಅಸಂಬದ್ಧವಾಗಿ ರೇಗಬಹುದು, ಪ್ರಜ್ಞೆ ತಪ್ಪಬಹುದು. ಚರ್ಮ ಒಣಗಿ ಬೆವರು ನಿಂತಿರುತ್ತದೆ ಎಂದು ನಮ್ಮ ಶಾಲಾ ಪಠ್ಯಗಳಲ್ಲಿಯೂ ಪ್ರಥಮ ಚಿಕಿತ್ಸೆಯ ಕೈಪಿಡಿಗಳಲ್ಲಿಯೂ ಓದಿದ ನೆನಪು ಹಲವರಿಗಿರಬಹುದು. ಶ್ರಮಜನ್ಯ ಶಾಖಾಘಾತದಲ್ಲಿ ಹಾಗಿರಬೇಕೆಂದಿಲ್ಲ. ಮೈಯೆಲ್ಲ ಬೆವರಿನಿಂದ ತೊಯ್ದಿರುವುದೇ ಹೆಚ್ಚು. ‘ಬೆವರುತ್ತಿದ್ದಾನೆ, ಸುಸ್ತಷ್ಟೇ’ ಎಂದುಕೊಂಡು ನೆರಳಿನಲ್ಲಿ ಮಲಗಿಸಿದರೆ ಅಮೂಲ್ಯವಾದ ನಿಮಿಷಗಳು ಕಳೆದುಹೋಗುತ್ತವೆ. ಕೆಲವೊಮ್ಮೆ ಆತ ನಡುವೆ ಎದ್ದು ಕುಳಿತು ತಿಳಿವಳಿಕೆಯಿಂದ ಮಾತನಾಡಿ, ಅನಂತರ ಪುನಃ ಕುಸಿಯುವುದೂ ಉಂಟು. ಉಷ್ಣತೆಯನ್ನು ಬಾಯಿಯಲ್ಲಿ, ಕಂಕುಳಲ್ಲಿ, ಹಣೆಯ ಮೇಲೆ ಅಳೆದರೆ ಓಡಿ ಬೆವರಿದವನ ವಿಷಯದಲ್ಲಿ ಸುಳ್ಳು ಅಂಕಿ ಸಿಗುತ್ತದೆ. ಕೋವಿಡ್ ಕಾಲದಲ್ಲಿ ಪ್ರತಿ ಕಚೇರಿಯ ಬಾಗಿಲಲ್ಲೂ ಹಣೆಗೆ ಹಿಡಿಯುತ್ತಿದ್ದ ಬಂದೂಕಿನಾಕಾರದ ಯಂತ್ರ ಇಲ್ಲಿ ನಿರುಪಯುಕ್ತ. ನಂಬಲರ್ಹವಾದ ಮಾಪನವೆಂದರೆ ಗುದದ ಮೂಲಕ ಅಳೆಯುವುದೊಂದೇ. ನಮ್ಮ ಸಂಕೋಚ ಅರ್ಥವಾಗುವಂಥದೇ, ಆದರೆ ಒಂದು ಅಡ್ಡಪರದೆಯಿಂದ ಬಗೆಹರಿಯುವ ಸಂಕೋಚವದು. ಅಂಥ ಥರ್ಮಾಮೀಟರು ಇಲ್ಲದಿದ್ದರೆ ಕಾಯುತ್ತ ಕೂರಬಾರದು. ಕಠಿಣ ಶ್ರಮದ ನಡುವೆ ಕುಸಿದು ಬುದ್ಧಿ ತಪ್ಪಿದವನನ್ನು ಶಾಖಾಘಾತಕ್ಕೊಳಗಾದವನೆಂದೇ ಭಾವಿಸಿ ತಂಪುಗೊಳಿಸತೊಡಗಬೇಕು.

ಇನ್ನು ಸಮಯದ ಲೆಕ್ಕ. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಈ ವಿಷಯದತ್ತ ಸೆಳೆದದ್ದು ಈ ಲೆಕ್ಕವೇ. ಕುಸಿದವನ ಒಳ ಉಷ್ಣತೆ 41.5 ಡಿಗ್ರಿ ಎಂದಿಟ್ಟುಕೊಳ್ಳೋಣ. ಅದನ್ನು 39ರ ಆಸುಪಾಸಿಗೆ ಇಳಿಸಬೇಕು, ಅಂದರೆ ಎರಡೂವರೆ ಡಿಗ್ರಿ. ಮಂಜುಗಡ್ಡೆ ಹಾಕಿದ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿಸಿದರೆ ನಿಮಿಷಕ್ಕೆ 0.2 ಡಿಗ್ರಿಯಷ್ಟು ಇಳಿಯುತ್ತದೆ. ಹನ್ನೆರಡು ಹದಿಮೂರು ನಿಮಿಷದಲ್ಲಿ ಕೆಲಸ ಮುಗಿಯಿತು. ನಿಮಿಷಕ್ಕೆ 0.05 ಡಿಗ್ರಿಯಷ್ಟೇ ಇಳಿಸುವ ವಿಧಾನಕ್ಕೆ ಐವತ್ತು ನಿಮಿಷ ಬೇಕು. ಬರಿದೇ ನೆರಳಿನಲ್ಲಿ ಮಲಗಿಸಿದರೆ ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ದೇಹದ ಅಂಗಗಳು ಅಷ್ಟು ಹೊತ್ತು ಕಾಯುವುದಿಲ್ಲ. ಒಳ ಉಷ್ಣತೆ 40.5 ಡಿಗ್ರಿಗಿಂತ ಮೇಲಿದ್ದ ಅವಧಿ ಅರ್ಧ ಗಂಟೆಯನ್ನು ಮೀರಿದಂತೆ ಯಕೃತ್ತು, ಮೂತ್ರಪಿಂಡ, ಮಿದುಳು ಒಂದೊಂದಾಗಿ ಹಾನಿಗೊಳ್ಳುತ್ತವೆ. ಕರುಳಿನ ಒಳಪದರ ಸೋರಿ ವಿಷಾಂಶಗಳು ರಕ್ತಕ್ಕೆ ಸೇರುತ್ತವೆ. ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಹದಗೆಡುತ್ತದೆ. ಉಷ್ಣತೆ ಎಷ್ಟು ಮೇಲೇರಿತು ಎಂಬುದಕ್ಕಿಂತ ಎಷ್ಟು ಹೊತ್ತು ಮೇಲೆಯೇ ಉಳಿಯಿತು ಎಂಬುದು ಮುಖ್ಯ. ಅರ್ಧ ಗಂಟೆಯೊಳಗೆ ಇಳಿಸಿದರೆ ಬಹುತೇಕ ಎಲ್ಲರೂ ಬದುಕುತ್ತಾರೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಡಲತೀರದಲ್ಲಿ ಫಾಲ್ಮತ್ ಎಂಬ ಊರಿದೆ. ಅಲ್ಲಿ 1973ರಿಂದ ಪ್ರತಿ ಆಗಸ್ಟ್‌ನಲ್ಲಿ ಏಳು ಮೈಲಿಯ ಓಟ ನಡೆಯುತ್ತದೆ. ಓಟ ಚಿಕ್ಕದು, ಹಾಗಾಗಿ ವೇಗ ಹೆಚ್ಚು, ತೇವಾಂಶವೂ ಹೆಚ್ಚು. ಓಟ ಮುಗಿಯುವ ಜಾಗದ ವೈದ್ಯಕೀಯ ಡೇರೆಯಲ್ಲಿ ಮಂಜುಗಡ್ಡೆಯ ನೀರು ತುಂಬಿದ ಟಬ್ಬುಗಳನ್ನು ಸಾಲಾಗಿ ಸಿದ್ಧವಿಟ್ಟಿರುತ್ತಾರೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ 18 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿತು. 274 ಶಾಖಾಘಾತ ಪ್ರಕರಣಗಳು. ಡೇರೆಗೆ ಬಂದಾಗ ಸರಾಸರಿ ಒಳ ಉಷ್ಣತೆ 41.4 ಡಿಗ್ರಿ, ನಮ್ಮ ಮನೆಗಳ ಥರ್ಮಾಮೀಟರಿನ ಭಾಷೆಯಲ್ಲಿ 106 ಡಿಗ್ರಿ ಫ್ಯಾರನ್‌ಹೀಟ್‌ಗೂ ಮೇಲೆ. ಸತ್ತವರು ಒಬ್ಬರೂ ಇಲ್ಲ. ಅದಕ್ಕೂ ಮುಂಚೆ, 1990ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ, ಅದೇ ದೇಶದ ಮರೀನ್ ಪಡೆಯ ತರಬೇತಿ ಕೇಂದ್ರದ 252 ಪ್ರಕರಣಗಳಲ್ಲಿ ಮಂಜುನೀರಿನ ಚಿಕಿತ್ಸೆ ಪಡೆದು ಯಾರೂ ಸಾಯಲಿಲ್ಲವೆಂಬ ದಾಖಲೆಯಿತ್ತು. ವೈದ್ಯಶಾಸ್ತ್ರದಲ್ಲಿ ನೂರಕ್ಕೆ ನೂರು ಎಂಬ ಫಲಿತಾಂಶ ಎಷ್ಟು ಅಪರೂಪವೆಂದು ವೈದ್ಯರನ್ನು ಕೇಳಿದರೆ ತಿಳಿದೀತು.

ಫಾಲ್ಮತ್‌ನ ಓಟದ ದಿನಗಳ ಸರಾಸರಿ ಉಷ್ಣತೆ 23 ಡಿಗ್ರಿಯ ಸುತ್ತಮುತ್ತ ಎಂಬುದನ್ನು ಬೆಂಗಳೂರಿಗರು ಗಮನಿಸಬೇಕು. ನಮ್ಮ ಊರಿನ ಹವೆ ತಂಪು, ಇಲ್ಲಿ ಅಂಥದೇನೂ ಆಗದು ಎಂಬ ನಂಬಿಕೆಯೊಡನೆ ನಾವು ಏಪ್ರಿಲ್, ಮೇ ತಿಂಗಳುಗಳಲ್ಲಿಯೂ ಓಟಗಳನ್ನು ಏರ್ಪಡಿಸುತ್ತೇವೆ.

ಇಷ್ಟು ಪರಿಣಾಮಕಾರಿಯಾದ ಚಿಕಿತ್ಸೆ ಬಳಕೆಗೆ ಬರಲು ಏಕೆ ತಡವಾಯಿತು? ತಣ್ಣೀರಿಗಿಳಿಸಿದರೆ ಚರ್ಮದ ರಕ್ತನಾಳಗಳು ಮುದುಡಿ ಒಳಗಿನ ಶಾಖ ಒಳಗೇ ಉಳಿಯುತ್ತದೆ, ನಡುಕ ಹುಟ್ಟಿ ಶಾಖ ಇನ್ನಷ್ಟು ಏರುತ್ತದೆ ಎಂಬ ವಾದ ವೈದ್ಯಕೀಯ ಗ್ರಂಥಗಳಲ್ಲಿ ಬಹುಕಾಲ ಉಳಿದಿತ್ತು. ತಾರ್ಕಿಕವಾಗಿ ಒಪ್ಪುವಂಥ ವಾದವೇ. ಆದರೆ ಅದು ನಿಜವಾಗುವುದು ಉಷ್ಣತೆ ಸಹಜವಾಗಿರುವವರ ವಿಷಯದಲ್ಲಿ. ಕಾದ ದೇಹದಲ್ಲಿ ಆ ಪ್ರತಿಕ್ರಿಯೆ ಅಷ್ಟಾಗಿ ನಡೆಯದು, ನಡೆದರೂ ನೀರು ಸೆಳೆದುಕೊಳ್ಳುವ ಶಾಖದ ಮುಂದೆ ಅದು ಲೆಕ್ಕಕ್ಕಿಲ್ಲ. ಗಾಳಿಗೆ ಹೋಲಿಸಿದರೆ ನೀರಿನ ಶಾಖವಾಹಕತೆ ಇಪ್ಪತ್ತು ಪಟ್ಟಿಗೂ ಮಿಗಿಲು. ವ್ಯಾಯಾಮದಿಂದ ಮೈ ಬಿಸಿಯಾದ ಸ್ವಯಂಸೇವಕರ ಮೇಲೆ ಕೆನಡಾದಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 2 ಡಿಗ್ರಿಯ ನೀರು ನಿಮಿಷಕ್ಕೆ 0.35 ಡಿಗ್ರಿಯ ವೇಗದಲ್ಲಿ ತಂಪುಗೊಳಿಸಿತು. 20 ಡಿಗ್ರಿಯ ನೀರು ಕೂಡ ಅದರ ಅರ್ಧದಷ್ಟು ವೇಗ ತೋರಿಸಿತು. ಎಂದರೆ ಮಂಜುಗಡ್ಡೆ ಸಿಗದ ಹಳ್ಳಿಯಲ್ಲಿ ಕೊಳವೆಬಾವಿಯ ನೀರು ತುಂಬಿದ ದನದ ಬಾನಿಯೂ ಒಂದು ಚಿಕಿತ್ಸಾಲಯವೇ.

ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬಾರದು. ಜ್ವರದಲ್ಲಿ ಮಿದುಳು ತಾನೇ ಉಷ್ಣತೆಯ ಗುರಿಯನ್ನು ಮೇಲಕ್ಕೆ ಏರಿಸಿರುತ್ತದೆ, ಮಾತ್ರೆ ಆ ಗುರಿಯನ್ನು ಇಳಿಸುತ್ತದೆ. ಶಾಖಾಘಾತದಲ್ಲಿ ಗುರಿ ಬದಲಾಗಿಲ್ಲ, ದೇಹ ಸೋತಿದೆ. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹುಯ್ಯುವ ನಮ್ಮ ಪುರಾತನ ಪರೋಪಕಾರವಂತೂ ಶ್ವಾಸಕೋಶಕ್ಕೆ ನೀರಿಳಿಸಿ ಇನ್ನೊಂದು ಅನಾಹುತಕ್ಕೆ ದಾರಿ.

ವಿಧಾನ ತಿಳಿದಿದ್ದೂ ಬಳಸದೆ ಹೋದ ನಿದರ್ಶನ 2018ರದು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಜೋರ್ಡನ್ ಮೆಕ್‌ನೇರ್ ಎಂಬ 19 ವರ್ಷದ ಆಟಗಾರ ಮೇ 29ರಂದು ಅಭ್ಯಾಸದ ವೇಳೆ ಕುಸಿದ; ಎರಡು ವಾರಗಳ ಬಳಿಕ, ಜೂನ್ 13ರಂದು ಸತ್ತ. ಸ್ವತಂತ್ರ ತನಿಖೆಯಿಂದ ಹೊರಬಿದ್ದ ಸಂಗತಿ ಇದು: ಅವನ ಉಷ್ಣತೆಯನ್ನು ಅಳೆಯಲಿಲ್ಲ, ತಣ್ಣೀರಿನಲ್ಲಿ ಮುಳುಗಿಸಲಿಲ್ಲ, ಲಕ್ಷಣಗಳು ಕಂಡ ಮೇಲೆ ತುರ್ತು ಕರೆ ಹೋಗಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ವಿಶ್ವವಿದ್ಯಾಲಯದ ಅಧ್ಯಕ್ಷರು ಕಾನೂನಿನ ಹಾಗೂ ನೈತಿಕ ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡರು. 2021ರಲ್ಲಿ ಆ ರಾಜ್ಯ ಅವನ ಹೆಸರಿನಲ್ಲಿಯೇ ಒಂದು ಕಾಯ್ದೆಯನ್ನು ತಂದಿತು. ಅದಕ್ಕೂ ಹಿಂದೆ, 2001ರ ಆಗಸ್ಟ್‌ನಲ್ಲಿ, ಕೋರಿ ಸ್ಟ್ರಿಂಗರ್ ಎಂಬ ವೃತ್ತಿಪರ ಆಟಗಾರ ತರಬೇತಿ ಶಿಬಿರದಲ್ಲಿ ಇದೇ ರೀತಿ ಸತ್ತಿದ್ದ. ಅವನ ಹೆಸರಿನ ಸಂಸ್ಥೆಯೊಂದು 2010ರಿಂದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿದ್ದು, ‘ಮೊದಲು ತಂಪು, ನಂತರ ಸಾಗಣೆ’ ಎಂಬ ಸೂತ್ರವನ್ನು ಬಹಳವಾಗಿ ಪ್ರಚುರಪಡಿಸಿದೆ. ಅದರ ಮುಖ್ಯಸ್ಥ ಡಗ್ಲಸ್ ಕಾಸಾ ಹದಿನಾರನೆಯ ವಯಸ್ಸಿನಲ್ಲಿ, 1985ರಲ್ಲಿ, ಹತ್ತು ಸಾವಿರ ಮೀಟರ್ ಓಟದಲ್ಲಿ ಶಾಖಾಘಾತಕ್ಕೊಳಗಾಗಿ ಬದುಕುಳಿದವರು.

ಈ ಸೂತ್ರ ನಮ್ಮ ಆಡಳಿತ ಪರಂಪರೆಗೆ ನೇರ ವಿರುದ್ಧವಾದದ್ದು. ನಾನು ಸೇವೆಯಲ್ಲಿದ್ದ ದಶಕಗಳಲ್ಲಿ ನೇಮಕಾತಿ ಮೈದಾನ, ಕ್ರೀಡಾಕೂಟ, ಜಾತ್ರೆ, ಸಮಾವೇಶ ಯಾವುದೇ ಇರಲಿ, ಪೂರ್ವಸಿದ್ಧತಾ ಸಭೆಯ ನಡವಳಿಯಲ್ಲಿ ‘ಕುಡಿಯುವ ನೀರು, ಶಾಮಿಯಾನ, ಬಂದೋಬಸ್ತು, ಆಂಬುಲೆನ್ಸ್’ ಎಂಬ ನಾಲ್ಕು ಪದಗಳು ತಪ್ಪದೆ ಇರುತ್ತಿದ್ದವು. ಗೇಟಿನ ಬಳಿ ನಿಂತ ಆಂಬುಲೆನ್ಸ್ ಎಲ್ಲ ಮುನ್ನೆಚ್ಚರಿಕೆಗಳ ಸಾಕ್ಷಿಯಾಗಿರುತ್ತಿತ್ತು. 2008ರಲ್ಲಿ ರಾಜ್ಯದಲ್ಲಿ 108 ಸೇವೆ ಆರಂಭವಾದ ಮೇಲೆ ಈ ನಂಬಿಕೆ ಇನ್ನೂ ಬಲವಾಯಿತು. ಅಪಘಾತಕ್ಕೆ, ಹೃದಯಾಘಾತಕ್ಕೆ, ಹೆರಿಗೆಗೆ ಆ ಸೇವೆ ಮಾಡಿರುವ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ವಾಹನದೊಳಗೆ ಟಬ್ಬು ಇರುವುದಿಲ್ಲ. ಟ್ರಾಫಿಕ್ಕಿನಲ್ಲಿ ಕಳೆದ ನಲವತ್ತು ನಿಮಿಷ, ತುರ್ತು ವಿಭಾಗದಲ್ಲಿ ಚೀಟಿ ಬರೆಸುವ ಹತ್ತು ನಿಮಿಷ ಕೂಡಿದರೆ ಮೇಲೆ ಹೇಳಿದ ಅರ್ಧ ಗಂಟೆ ಎಂದೋ ಮುಗಿದಿರುತ್ತದೆ. ಅಷ್ಟಾಗಿ ತಲುಪಿದ ಆಸ್ಪತ್ರೆಯಲ್ಲಿಯೂ ಮಂಜುನೀರಿನ ತೊಟ್ಟಿ ಇರಬೇಕಲ್ಲ. ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆ ಟಬ್ಬುಗಳನ್ನೂ ಮಂಜುಗಡ್ಡೆ ಯಂತ್ರವನ್ನೂ ಇಟ್ಟು ಶಾಖಾಘಾತದ ಪ್ರತ್ಯೇಕ ಘಟಕ ತೆರೆದದ್ದು 2024ರ ಮೇ ತಿಂಗಳಲ್ಲಿ. ದೇಶದಲ್ಲಿ ಅಂಥ ಮೊದಲ ಘಟಕ ಅದೆಂದು ಆಗ ಹೇಳಲಾಯಿತು. ದೇಶದ ಮೊದಲ ಶಾಖ ಕ್ರಿಯಾಯೋಜನೆಯನ್ನು ಅಹಮದಾಬಾದ್ 2013ರಲ್ಲಿಯೇ ರೂಪಿಸಿತ್ತು ಎಂಬುದನ್ನು ನೆನೆದರೆ, ಮುನ್ನೆಚ್ಚರಿಕೆಗೂ ಚಿಕಿತ್ಸೆಗೂ ನಡುವಿನ ಅಂತರ ಅರಿವಾಗುತ್ತದೆ.

ಕರ್ನಾಟಕಕ್ಕೆ ಈ ಸಮಸ್ಯೆ ಹೊಸದೂ ಅಲ್ಲ. ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು; ಆ ಆಳದಲ್ಲಿ ಬಂಡೆಯೇ ಕಾದಿರುತ್ತದೆ. ಅಲ್ಲಿ ಬಿಸಿಲೆಂಬುದೇ ಇರಲಿಲ್ಲ, ಶಾಖಾಘಾತ ಇತ್ತು. ನೆಲದಡಿಯಲ್ಲಿ ಕುಸಿದುಬೀಳುತ್ತಿದ್ದ ಕೆಜಿಎಫ್ ಕಾರ್ಮಿಕರ ಬಗ್ಗೆ ಎ. ಕ್ಯಾಪ್ಲಾನ್ ಎಂಬ ವೈದ್ಯರು ಬರೆದ ದೀರ್ಘ ವಿಶ್ಲೇಷಣೆ 1944ರಲ್ಲಿ ಬ್ರಿಟನ್ನಿನ ಗಣಿಗಾರಿಕೆ ಮತ್ತು ಲೋಹಶಾಸ್ತ್ರ ಸಂಸ್ಥೆಯ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಗಣಿಗಳು 2001ರಲ್ಲಿ ಮುಚ್ಚಿದವು. ಆ ಅನುಭವದ ಎಷ್ಟು ಭಾಗ ನಮ್ಮ ಕಾರ್ಮಿಕ ಇಲಾಖೆಯ ನೆನಪಿನಲ್ಲಿ ಉಳಿದಿದೆಯೋ ಹೇಳಬಲ್ಲವರು ಹೇಳಬೇಕು. ಕಲಬುರಗಿ ವಿಭಾಗದಲ್ಲಿಯೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ಬೇಸಿಗೆಯ ಎರಡು ತಿಂಗಳು ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುವ ಆದೇಶ ವರ್ಷವರ್ಷವೂ ಹೊರಡುತ್ತದೆ. ಫ್ಯಾನಿನ ಕೆಳಗೆ ಕೂರುವ ನಮ್ಮಂಥವರ ಬಗ್ಗೆ ಇರುವ ಈ ಕಾಳಜಿ ಸ್ವಾಗತಾರ್ಹ. ಅದೇ ಕಚೇರಿಯ ಮುಂದಿನ ರಸ್ತೆಗೆ ಡಾಂಬರು ಹಾಕುವವರ ವೇಳೆ ಮಾತ್ರ ಗುತ್ತಿಗೆದಾರನ ಕೈಯಲ್ಲಿರುತ್ತದೆ.

ಟಬ್ಬೇ ಬೇಕೆಂಬ ಹಟವೂ ಬೇಡ. ಒಂದು ದೊಡ್ಡ ಟಾರ್ಪಾಲಿನ ನಡುವೆ ರೋಗಿಯನ್ನು ಮಲಗಿಸಿ, ಸುತ್ತಲೂ ನಾಲ್ಕೈದು ಜನ ಅಂಚುಗಳನ್ನು ಎತ್ತಿಹಿಡಿದು, ನೂರೈವತ್ತು ಲೀಟರಿನಷ್ಟು ಮಂಜುನೀರು ಸುರಿದು ತೊಟ್ಟಿಲಿನಂತೆ ತೂಗುವ ವಿಧಾನವನ್ನು ಸಂಶೋಧಕರು ಪರೀಕ್ಷಿಸಿದ್ದಾರೆ. ನಿಮಿಷಕ್ಕೆ 0.14ರಿಂದ 0.17 ಡಿಗ್ರಿ ಇಳಿಯುತ್ತದೆ, ಅಷ್ಟು ಸಾಕು. ಅಮೆರಿಕದ ಸೇನೆಯಲ್ಲಿ ಮಂಜುನೀರಿನಲ್ಲಿ ಅದ್ದಿಟ್ಟ ಹೊದಿಕೆಗಳನ್ನು ಮೈಗೆ ಸುತ್ತಿ, ಬಿಸಿಯಾದೊಡನೆ ಬದಲಿಸುತ್ತಾರೆ. 2021ರ ಬೇಸಿಗೆಯಲ್ಲಿ ಆ ದೇಶದ ವಾಯವ್ಯ ರಾಜ್ಯಗಳು ಅನಿರೀಕ್ಷಿತ ಬಿಸಿಗಾಳಿಗೆ ಸಿಲುಕಿದಾಗ ತುರ್ತು ವಿಭಾಗಗಳ ವೈದ್ಯರು ಜಿಪ್ ಇರುವ ಶವಚೀಲಗಳಲ್ಲಿ ರೋಗಿಗಳನ್ನು ಮಲಗಿಸಿ, ಮಂಜುಗಡ್ಡೆ ಮತ್ತು ನೀರು ತುಂಬಿ ಬದುಕಿಸಿದರು. ಶವಚೀಲ ಎಂದಾಕ್ಷಣ ನಮ್ಮ ಮೈ ಜುಂ ಎನ್ನಬಹುದು; ನೀರು ಸೋರದಿರುವುದು ಅದರ ಏಕೈಕ ಅರ್ಹತೆ. ಫೀನಿಕ್ಸ್ ನಗರದ ಅಗ್ನಿಶಾಮಕ ದಳ 2024ರಿಂದ ಇಂಥ ಮಂಜುಚೀಲಗಳನ್ನು ತನ್ನ ವಾಹನಗಳಲ್ಲಿಯೇ ಒಯ್ಯುತ್ತಿದೆ. ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ಮಾತ್ರ ಐಸ್ ಪೊಟ್ಟಣ ಇಡುವ ಪರಿಚಿತ ಕ್ರಮ ಏನೂ ಇಲ್ಲದಾಗ ಸರಿ, ಆದರೆ ಅದು ನಿಧಾನ.

ಮೆಕ್ಕಾದಲ್ಲಿ ಹಜ್ ಯಾತ್ರಿಗಳಿಗಾಗಿ ವೈನರ್ ಮತ್ತು ಖೋಗಾಲಿ ಎಂಬ ತಜ್ಞರು ರೂಪಿಸಿ 1980ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವಿವರಿಸಿದ ವ್ಯವಸ್ಥೆ ಬೇರೆಯದು. ಬಲೆಯ ಹಾಸಿಗೆಯ ಮೇಲೆ ರೋಗಿಯನ್ನು ಮಲಗಿಸಿ, ಸುತ್ತಲಿಂದ ನೀರಿನ ಹನಿಗಳನ್ನು ಸಿಂಪಡಿಸಿ ಬೆಚ್ಚನೆಯ ಗಾಳಿ ಹಾಯಿಸುತ್ತಾರೆ. ನೀರು ಆವಿಯಾಗುತ್ತ ಶಾಖವನ್ನು ಒಯ್ಯುತ್ತದೆ. ಸುಲಭವಾಗಿ ಮುಳುಗಿಸಲಾಗದ ವೃದ್ಧರಿಗೆ, ಹೃದ್ರೋಗಿಗಳಿಗೆ ಆವಿಯ ವಿಧಾನ ಅನುಕೂಲಕರ. ರಾಯಚೂರಿನ ಒಣಹವೆಯಲ್ಲಿ ಒದ್ದೆ ಬಟ್ಟೆ ಮತ್ತು ಫ್ಯಾನು ಒಂದಿಷ್ಟು ಕೆಲಸ ಮಾಡಿಯಾವು. ಮಂಗಳೂರಿನಲ್ಲಿ ಒಗೆದ ಬಟ್ಟೆಯೇ ಆರುವುದಿಲ್ಲವೆಂದ ಮೇಲೆ ಅಲ್ಲಿ ಮುಳುಗಿಸುವುದೇ ಲೇಸು.

ಮುಳುಗಿಸುವಾಗ ಕೆಲವು ಎಚ್ಚರಿಕೆಗಳಿವೆ. ಕಂಕುಳಡಿಯಿಂದ ಟವೆಲು ಹಾಯಿಸಿ ಒಬ್ಬರು ತಲೆಯನ್ನು ನೀರಿನ ಮೇಲೆ ಹಿಡಿದಿರಬೇಕು. ನೀರನ್ನು ಕಲಕುತ್ತಿರಬೇಕು, ಇಲ್ಲವಾದರೆ ಚರ್ಮದ ಸುತ್ತ ಬೆಚ್ಚನೆಯ ನೀರಿನ ಪದರ ನಿಲ್ಲುತ್ತದೆ. ಉಷ್ಣತೆ 39 ಡಿಗ್ರಿಗೆ ಬಂದೊಡನೆ ಹೊರತೆಗೆಯಬೇಕು. ಒಬ್ಬ ಶುಶ್ರೂಷಕಿ, ನಾಲ್ವರು ಗೃಹರಕ್ಷಕರು ಅರ್ಧ ದಿನದಲ್ಲಿ ಕಲಿಯಬಹುದಾದ ವಿದ್ಯೆಯಿದು. ಅನಂತರ ಆಸ್ಪತ್ರೆಗೆ ಒಯ್ಯಲೇಬೇಕು. ರಕ್ತ, ಮೂತ್ರಪಿಂಡ, ಯಕೃತ್ತುಗಳ ಪರೀಕ್ಷೆ ಅಲ್ಲಿ ಆಗಬೇಕಾದ ಕೆಲಸ.

ಕಡೆಯದಾಗಿ ಕಡತದ ಮಾತು. ಕೇಂದ್ರ ಆರೋಗ್ಯ ಸಚಿವಾಲಯ ತೀವ್ರ ಶಾಖಪೀಡಿತರ ತುರ್ತು ತಂಪುಗೊಳಿಸುವಿಕೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಆದರೆ ಮಾರ್ಗಸೂಚಿಯನ್ನು ವೈದ್ಯರು ಓದುತ್ತಾರೆ, ಮೈದಾನವನ್ನು ನಿರ್ವಹಿಸುವವರು ಪೊಲೀಸ್ ಮತ್ತು ಕಂದಾಯ ಅಧಿಕಾರಿಗಳು. ಅವರು ಓದುವುದು ಆದೇಶವನ್ನು. ಆದ್ದರಿಂದ ನೇಮಕಾತಿ ಅಧಿಸೂಚನೆ, ಓಟಗಳ ಅನುಮತಿ ಪತ್ರ, ಕಾಮಗಾರಿಗಳ ಟೆಂಡರು ಷರತ್ತು ಈ ಮೂರರಲ್ಲಿಯೂ ಒಂದು ಕಂಡಿಕೆ ಸೇರಬೇಕು. ಸ್ಥಳದಲ್ಲಿ ಒಂದು ಟಬ್ಬು ಅಥವಾ ಟಾರ್ಪಾಲು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆ, ಗುದದ ಮೂಲಕ ಅಳೆಯುವ ಥರ್ಮಾಮೀಟರು, ತರಬೇತಾದ ಐವರು ಇಲ್ಲದೆ ಓಟವಾಗಲಿ ಕೆಲಸವಾಗಲಿ ಆರಂಭವಾಗಕೂಡದು. ಉಷ್ಣತೆ ಇಳಿಯುವವರೆಗೆ ಆಂಬುಲೆನ್ಸನ್ನು ತಡೆದು ನಿಲ್ಲಿಸುವ ಅಧಿಕಾರ ಸ್ಥಳದ ವೈದ್ಯಾಧಿಕಾರಿಗೆ ಲಿಖಿತವಾಗಿ ಇರಬೇಕು. ಇಲ್ಲವಾದರೆ ‘ಆಸ್ಪತ್ರೆಗೆ ಒಯ್ಯದೆ ನೀರಿನಲ್ಲಿ ಅದ್ದಿದರು’ ಎಂದು ನಾಳೆ ತನಿಖೆ ಎದುರಿಸಬೇಕಾದೀತೆಂಬ ಭಯದಿಂದ ಯಾವ ವೈದ್ಯರೂ ಆ ಧೈರ್ಯ ಮಾಡಲಾರರು. ಖರ್ಚು ಒಂದು ಶಾಮಿಯಾನದ ಬಾಡಿಗೆಯನ್ನು ಮೀರಲಾರದು. ಮೀನು ಮಾರುಕಟ್ಟೆಗೆ ಮಂಜುಗಡ್ಡೆ ಪೂರೈಸುವ ಕಾರ್ಖಾನೆಗಳು ಎಲ್ಲ ದೊಡ್ಡ ಊರುಗಳಲ್ಲೂ ಇವೆ. ಅದೃಷ್ಟವಶಾತ್ ಯಾರೂ ಕುಸಿಯದಿದ್ದರೆ ಆ ಮಂಜುಗಡ್ಡೆ ಸಂಜೆಯ ಹೊತ್ತಿಗೆ ಕರಗಿ ಹೋಗಿರುತ್ತದೆ. ಬಳಕೆಯಾಗದ ಸಾಮಗ್ರಿಯ ದಾಸ್ತಾನು ಎಲ್ಲಿ ಎಂದು ಲೆಕ್ಕಪರಿಶೋಧಕರು ಮೂರು ವರ್ಷಗಳ ಬಳಿಕ ಆಕ್ಷೇಪಣೆ ಎತ್ತುವುದು ಖಚಿತವಾದ್ದರಿಂದ, ಕರಗಿದ ಮಂಜುಗಡ್ಡೆಯನ್ನು ಉಪಯೋಗಿಸಿದ ಮಂಜುಗಡ್ಡೆಯೆಂದೇ ಪರಿಗಣಿಸತಕ್ಕದ್ದು ಎಂಬ ಒಂದು ಸಾಲನ್ನೂ ಆ ಆದೇಶದಲ್ಲಿ ಸೇರಿಸುವುದು ಒಳ್ಳೆಯದು.